ಹಿತ್ತಿಲ ಕೋಳಿಗೆ ಕಾಯಿಲೆಯಾದಾಗ

"ನೆನ್ನೆ ಸಂಜೆ ಚೆನ್ನಾಗೇ ಕಾಳು ತಿಂದಿತ್ತು ಮೇಷ್ಟ್ರೆ, ಬೆಳಿಗ್ಗೆ ನೋಡಿದರೆ ಮೂಲೇಲಿ ತೂಕಡಿಸ್ತಾ ನಿಂತಿದೆ." ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆಯೋ ಲೆಕ್ಕವಿಲ್ಲ. ಹೇಳುವವರು ಯಾವುದೋ ಮನೆಯ ಅಜ್ಜಿ. ಇಲ್ಲವೆ ತಡವಾಗಿ ಬಂದು ತರಗತಿಯ ಬಾಗಿಲಲ್ಲಿ ನಿಂತ ಹುಡುಗ. ಅಜ್ಜಿಯ ಕೋಳಿ ಎಂದರೆ ಅಜ್ಜಿಯ ಸ್ವಂತ ಗಂಟು. ಮೊಟ್ಟೆ ಮಾರಿದ ಕಾಸು ಮಗನ ಕೈಗೂ ಹೋಗದೆ, ಸೊಸೆಯ ಲೆಕ್ಕಕ್ಕೂ ಸೇರದೆ ಎಲೆಯಡಿಕೆಯ ಚೀಲದಲ್ಲಿ ಉಳಿದು, ಮೊಮ್ಮಗನ ನೋಟುಪುಸ್ತಕವಾಗಿಯೋ ಊರಹಬ್ಬದ ಬಳೆಯಾಗಿಯೋ ಹೊರಬರುತ್ತದೆ. ಆದ್ದರಿಂದ ಒಂದು ಹೇಟೆ ತೂಕಡಿಸಿತೆಂದರೆ ಆ ಮನೆಗೆ ಅದು ಸಣ್ಣ ಸುದ್ದಿಯಲ್ಲ.

ಕನ್ನಡ ಪಂಡಿತನಿಗೆ ಕೋಳಿಯ ವೈದ್ಯವೇಕೆ ಎಂದು ಕೇಳುವವರುಂಟು. ವ್ಯಾಕರಣ ಕಲಿತವರೆಲ್ಲರೂ ಕೋಳಿಗೆ ಋಣಿಗಳೆಂಬುದೇ ನನ್ನ ಉತ್ತರ. ಹ್ರಸ್ವ, ದೀರ್ಘ, ಪ್ಲುತಗಳನ್ನು ಪಾಣಿನಿಯು ಉಕಾರದಿಂದಲೇ ತೋರಿಸಿದ್ದೇಕೆಂದರೆ, ಹುಂಜದ ಕೂಗಿನಲ್ಲಿ ಆ ಮೂರೂ ಕ್ರಮವಾಗಿ ಕೇಳಿಬರುತ್ತವೆ ಎಂದು ಸಂಪ್ರದಾಯದವರು ಹೇಳುತ್ತಾರೆ. ಅಮರಕೋಶವು ಈ ಹಕ್ಕಿಗೆ ಕೊಟ್ಟಿರುವ ಹೆಸರುಗಳಲ್ಲಿ ತಾಮ್ರಚೂಡ ಎಂಬುದೊಂದು, ಚರಣಾಯುಧ ಎಂಬುದೊಂದು. ಕೆಂಪು ಜುಟ್ಟಿನದು, ಕಾಲೇ ಆಯುಧವಾದದ್ದು ಎಂದು ಅರ್ಥ. ಕೋಳಿಗೆ ಏನಾಗಿದೆಯೆಂದು ತಿಳಿಯಹೊರಟವನು ಮೊದಲು ನೋಡತಕ್ಕ ಅಂಗಗಳೂ ಇವೇ ಎರಡು.

ಕೋಳಿ ತನ್ನ ಕಾಯಿಲೆಯನ್ನು ಬಚ್ಚಿಡುವ ಪ್ರಾಣಿ. ಇದು ಅದರ ಕಾಡುಮೂಲದಿಂದ ಬಂದ ಗುಣ. ಸಾಕು ಕೋಳಿಯ ಮುಖ್ಯ ಪೂರ್ವಜ ಆಗ್ನೇಯ ಏಷ್ಯದ ಕೆಂಪು ಕಾಡುಕೋಳಿ. ಅದರೊಡನೆ ನಮ್ಮ ಸಕಲೇಶಪುರದ ಕಡೆಯ ಕಾಡುಗಳಲ್ಲೂ ಕೂಗುವ ಬೂದು ಕಾಡುಕೋಳಿಯ ರಕ್ತವೂ ಸ್ವಲ್ಪ ಬೆರೆತಿದೆ; ಸಾಕು ಕೋಳಿಗೆ ಹಳದಿ ಕಾಲು ಬಂದದ್ದು ಅದರಿಂದಲೇ ಎಂದು 2008ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಕಾಡಿನಲ್ಲಿ ಸೊರಗಿ ನಿಂತ ಹಕ್ಕಿಯನ್ನು ಹದ್ದು ಮೊದಲು ನೋಡುತ್ತದೆ. ಹದ್ದು ಬರದಿದ್ದರೆ ಜೊತೆಯ ಕೋಳಿಗಳೇ ಕುಕ್ಕುತ್ತವೆ. ಹೀಗಾಗಿ ನೋವಿದ್ದರೂ ನೆಲ ಕೆದರುತ್ತ, ತಿನ್ನದಿದ್ದರೂ ತಿಂದಂತೆ ನಟಿಸುತ್ತ ಅದು ದಿನ ದೂಡುತ್ತದೆ. ಅಜ್ಜಿ ಹೇಳಿದ "ನೆನ್ನೆ ಚೆನ್ನಾಗಿತ್ತು" ಎಂಬ ಮಾತು ಬಹುಮಟ್ಟಿಗೆ ನಿಜವಲ್ಲ. ನೆನ್ನೆಯೂ ಚೆನ್ನಾಗಿರಲಿಲ್ಲ, ನಮಗೆ ಕಾಣಲಿಲ್ಲ, ಅಷ್ಟೆ.

ಕಾಣಬೇಕಾದರೆ ಹೊತ್ತು ಎರಡು: ಬೆಳಿಗ್ಗೆ ಗೂಡು ತೆರೆಯುವಾಗ, ಸಂಜೆ ಮುಚ್ಚುವಾಗ. ಬೆಳಿಗ್ಗೆ ಎಲ್ಲಕ್ಕಿಂತ ಹಿಂದೆ ಹೊರಬಂದದ್ದು, ರೆಕ್ಕೆ ಇಳಿಬಿಟ್ಟು ಗರಿ ಉಬ್ಬಿಸಿಕೊಂಡದ್ದು, ಕಾಳು ಎರಚಿದಾಗ ಓಡಿಬರದದ್ದು ಯಾವುದು ಎಂದು ನೋಡಬೇಕು. ಕೆಂಪಾಗಿರಬೇಕಾದ ಜುಟ್ಟು ಬಿಳಿಚಿದೆಯೆ, ನೀಲಿಗಟ್ಟಿದೆಯೆ? ನಡಿಗೆ ಕುಂಟುತ್ತಿದೆಯೆ? ಗೂಡಿನ ನೆಲದ ಹಿಕ್ಕೆ ಹಸುರು ನೀರಾಗಿದೆಯೆ, ರಕ್ತವುಂಟೆ? ಕತ್ತಿನ ಬುಡದಲ್ಲಿ ಎದೆಯ ಮೇಲೆ ಕಾಳು ತುಂಬಿಕೊಳ್ಳುವ ಚೀಲವೊಂದಿದೆಯಷ್ಟೆ. ಅದು ಸಂಜೆ ತುಂಬಿರಬೇಕು, ಬೆಳಿಗ್ಗೆ ಬರಿದಾಗಿರಬೇಕು. ತಿರುಗುಮುರುಗಾಗಿದ್ದರೆ ಕೋಳಿ ಸರಿಯಿಲ್ಲ. ಒಂದು ಎಚ್ಚರಿಕೆ: ಕಾವಿಗೆ ಕೂತ ಹೇಟೆಯೂ ಗರಿ ಉಬ್ಬಿಸಿ, ಕಣ್ಣು ಅರೆಮುಚ್ಚಿ, ಮೇವು ಬಿಟ್ಟು ಕೂರುತ್ತದೆ. ಕೈ ಚಾಚಿದರೆ ಗುರುಗುಟ್ಟಿ ಕುಕ್ಕಲು ಬರುತ್ತದೆ. ಅದಕ್ಕೆ ಔಷಧ ಹುಡುಕಬೇಕಾಗಿಲ್ಲ.

ಕಾಯಿಲೆಯೆಂದು ಗೊತ್ತಾದ ಮೇಲೆ ಕೇಳಿಕೊಳ್ಳತಕ್ಕ ಮೊದಲ ಪ್ರಶ್ನೆ, "ಯಾವ ಕಾಯಿಲೆ?" ಎಂಬುದಲ್ಲ. "ಒಂದೋ, ಹಲವೋ?" ಎಂಬುದು. ಹತ್ತು ಕೋಳಿಗಳಲ್ಲಿ ಒಂದು ಮಾತ್ರ ಸೊರಗಿ ಉಳಿದವು ಚುರುಕಾಗಿದ್ದರೆ ಅದು ಗಾಯವೋ ಮುರಿತವೋ ಹೊಟ್ಟೆಯ ತೊಂದರೆಯೋ ಮೊಟ್ಟೆಯ ತೊಡಕೋ ಆಗಿರುವ ಸಂಭವ ಹೆಚ್ಚು. ಅಂಥ ಕೋಳಿಯನ್ನು ಮನೆಯ ಆರೈಕೆಯಿಂದ ಉಳಿಸಿಕೊಳ್ಳಬಹುದು. ಎರಡು ಮೂರು ದಿನದೊಳಗೆ ಒಂದರ ಹಿಂದೆ ಒಂದು ಮಂಕಾದರೆ ಅದು ಅಂಟುಜಾಡ್ಯ. ಅಲ್ಲಿ ಅರಿಸಿನ ಬೆಳ್ಳುಳ್ಳಿಗಳ ಆಟ ನಡೆಯದು. ನಮ್ಮ ಜನ ಇವೆರಡನ್ನೂ ಅದಲು ಬದಲು ಮಾಡುತ್ತಾರೆ. ಉಳಿಯುವ ಒಂಟಿ ಕೋಳಿಗೆ ಕತ್ತಿ ಹಿಡಿಯುತ್ತಾರೆ, ಉಳಿಯದ ಹಿಂಡಿಗೆ ಕಷಾಯ ಕಾಯಿಸುತ್ತಾರೆ.

ಯಾವುದೇ ಆಗಲಿ, ಮೊದಲು ಬೇರೆ ಮಾಡಬೇಕು. ಬಿದಿರ ಮಂಕರಿಯೋ ರಟ್ಟಿನ ಪೆಟ್ಟಿಗೆಯೋ ಸಾಕು. ಅಡಿಗೆ ಗೋಣಿತಾಟು, ಮೇಲೆ ಭತ್ತದ ಹೊಟ್ಟು ಹಾಸಿ, ಗಾಳಿ ಬೀಸದ, ಬೆಕ್ಕು ನಾಯಿ ಸುಳಿಯದ, ಬೆಚ್ಚನೆಯ ಮಬ್ಬುಗತ್ತಲೆಯ ಮೂಲೆಯಲ್ಲಿರಿಸಬೇಕು. ಆರೋಗ್ಯವಾದ ಕೋಳಿಯ ಮೈಶಾಖವೇ ಸುಮಾರು 41 ಡಿಗ್ರಿ ಸೆಲ್ಸಿಯಸ್. ನಮ್ಮದು 37. ಆದ್ದರಿಂದ ಎತ್ತಿಕೊಂಡವರೆಲ್ಲ "ಅಯ್ಯೋ, ಮೈ ಸುಡ್ತಿದೆ" ಎನ್ನುತ್ತಾರೆ. ಆ ಬಿಸಿ ಜ್ವರವಲ್ಲ. ತಣ್ಣೀರು ಚಿಮುಕಿಸಿ ಮೈ ತಣಿಸಲು ಹೋದರೆ ಅದರ ಕೊನೆಯ ಶಕ್ತಿಯೂ ನಡುಕದಲ್ಲಿ ಸೋರಿಹೋಗುತ್ತದೆ.

ಮೇವಿಗಿಂತ ನೀರು ಮುಖ್ಯ. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿದರೆ ಮಕ್ಕಳ ಭೇದಿಗೆ ಕೊಡುವ ನೀರೇ ಕೋಳಿಗೂ ಆಯಿತು. ಆದರೆ ಕೊಕ್ಕು ಅಗಲಿಸಿ ಚಮಚದಿಂದ ಸುರಿಯಕೂಡದು. ಕೋಳಿಯ ಉಸಿರುನಾಳದ ಬಾಯಿ ನಾಲಗೆಯ ಬುಡದಲ್ಲೇ ತೆರೆದಿರುತ್ತದೆ. ಸುರಿದ ನೀರು ನೆಟ್ಟಗೆ ಶ್ವಾಸಕ್ಕೆ ಇಳಿಯುತ್ತದೆ. ಕಾಯಿಲೆಯಿಂದ ಸಾಯದಿದ್ದ ಕೋಳಿ ಹೀಗೆ ಉಪಚಾರದಿಂದ ಸತ್ತದ್ದನ್ನು ನಾನು ಬಲ್ಲೆ. ಬೆರಳ ತುದಿಯಿಂದ ಕೊಕ್ಕಿನ ಪಕ್ಕಕ್ಕೆ ಒಂದೊಂದೇ ಹನಿ ಇಟ್ಟು, ಅದಾಗಿಯೇ ತಲೆಯೆತ್ತಿ ನುಂಗುವವರೆಗೆ ಕಾಯಬೇಕು. ನೀರು ಒಳಸೇರಿದ ಮೇಲೆ ರಾಗಿಯ ಗಂಜಿ, ಮೆತ್ತಗೆ ಬೆಂದ ಅನ್ನ, ಪುಡಿಮಾಡಿದ ಬೇಯಿಸಿದ ಮೊಟ್ಟೆ. ಕೋಳಿಗೆ ಮೊಟ್ಟೆಯೇ ಎಂದು ನಗಬೇಡಿ; ಅಶಕ್ತ ಹಕ್ಕಿಗೆ ಅಷ್ಟು ಸುಲಭವಾಗಿ ಜೀರ್ಣವಾಗುವ ಪೌಷ್ಟಿಕ ಆಹಾರ ಮನೆಯಲ್ಲಿ ಬೇರೊಂದಿಲ್ಲ.

ಇನ್ನು ಗಾಯ. ಬೀದಿ ನಾಯಿ, ಮುಂಗುಸಿ, ಹದ್ದು ಈ ಮೂರೂ ನಮ್ಮ ಪಟ್ಟಣಗಳಲ್ಲಿ ಧಾರಾಳ. ನಾಯಿಯ ಬಾಯಿಂದ ಬಿಡಿಸಿಕೊಂಡ ಕೋಳಿಯ ಬೆನ್ನಿನ ಚರ್ಮ ಅಂಗೈಯಗಲ ಕಿತ್ತುಬಂದಿದ್ದರೆ ನೋಡಿದವರಿಗೆ ಕರುಳು ಚುರುಕ್ ಎನ್ನುತ್ತದೆ. ಕೂಡಲೇ "ಇನ್ನೇನು, ಸಾರಿಗಾಯಿತು" ಎಂಬ ತೀರ್ಮಾನವಾಗುತ್ತದೆ. ಆದರೆ ಕೋಳಿಯ ಚರ್ಮ ತೆಳುವು, ಬೇಗ ಕೂಡಿಕೊಳ್ಳುವಂಥದು. ಹೊಟ್ಟೆಯೊಳಕ್ಕೆ ಗಾಯ ಇಳಿಯದಿದ್ದರೆ ಎಷ್ಟೋ ಸಲ ಅಂಥ ಕೋಳಿ ಮೂರು ನಾಲ್ಕು ವಾರಗಳಲ್ಲಿ ಹೊಸ ಚರ್ಮ ತೊಟ್ಟು ಓಡಾಡುತ್ತದೆ. ಸುತ್ತಲ ಗರಿಗಳನ್ನು ಕೀಳದೆ ಕತ್ತರಿಯಿಂದ ಕತ್ತರಿಸಬೇಕು. ಕಾಯಿಸಿ ಆರಿಸಿದ ಉಪ್ಪುನೀರಿನಿಂದ ಚೆನ್ನಾಗಿ ತೊಳೆಯಬೇಕು. ತೊಳೆಯುವುದೇ ಅರ್ಧ ಚಿಕಿತ್ಸೆ. ಮೇಲೆ ಔಷಧದಂಗಡಿಯ ಪೊವಿಡೋನ್ ಅಯೋಡಿನ್ ದ್ರವವನ್ನು ನೀರು ಬೆರೆಸಿ ಹಚ್ಚಬಹುದು. ಅದಿಲ್ಲದಿದ್ದರೆ ಶುದ್ಧ ಅರಿಸಿನ. ನಾಯಿ ಬೆಕ್ಕುಗಳ ಹಲ್ಲು ಆಳಕ್ಕೆ ನೆಟ್ಟಿದ್ದರೆ ಹೊರಗೆ ಸಣ್ಣ ತೂತು ಕಂಡರೂ ಒಳಗೆ ಕೀವಾಗುತ್ತದೆ. ಅದನ್ನು ಅಂದೇ ಪಶುವೈದ್ಯರಿಗೆ ತೋರಿಸತಕ್ಕದ್ದು. ಮಳೆಗಾಲದಲ್ಲಿ ನೊಣದ ಭಯ ಬೇರೆ. ಬೆಳಿಗ್ಗೆ ನೊಣ ಕೂತ ಗಾಯದಲ್ಲಿ ಮರುದಿನವೇ ಹುಳು ಕಾಣಿಸಿಕೊಳ್ಳಬಹುದು. ದಿನಕ್ಕೆ ಎರಡು ಸಲ ಗಾಯ ಬಿಚ್ಚಿ ನೋಡಬೇಕು. ಕೋಳಿಯನ್ನು ಸೊಳ್ಳೆಪರದೆಯ ತುಂಡಿನಡಿಯಲ್ಲಿಡಬೇಕು. ಮಾಯುವವರೆಗೆ ಹಿಂಡಿಗೆ ಬಿಡಲಾಗದು, ಕೆಂಪು ಕಂಡರೆ ಉಳಿದವು ಅಲ್ಲೇ ಕುಕ್ಕುತ್ತವೆ.

ಇಲ್ಲಿ ಅರಕಲಗೂಡಿನ ಕಡೆಯವರಿಗೆ ಒಂದು ಮಾತು. ಹೊಗೆಸೊಪ್ಪು ಬೆಳೆಯುವ ನಾಡು ನಿಮ್ಮದು. ಕೋಳಿಯ ಹೇನಿಗೆ ಹೊಗೆಸೊಪ್ಪಿನ ನೀರು ಸವರುವುದು, ಗಾಯಕ್ಕೆ ಅದರ ಪುಡಿ ಮೆತ್ತುವುದು ಹಳೆಯ ರೂಢಿ. ಹುಳು ಸಾಯುವುದು ನಿಜವೇ. ಆದರೆ ಹುಳುವನ್ನು ಕೊಲ್ಲುವ ಆ ನಿಕೋಟಿನ್ ಚರ್ಮದ ಮೂಲಕವೂ, ಹಸಿ ಗಾಯದಲ್ಲಂತೂ ಬಹು ಬೇಗ, ರಕ್ತಕ್ಕಿಳಿದು ಒಂದೆರಡು ಕಿಲೋ ತೂಕದ ಹಕ್ಕಿಯನ್ನೂ ಕೊಲ್ಲಬಲ್ಲದು. ಆಲೂಗೆಡ್ಡೆಗೆ, ಶುಂಠಿಗೆ ತಂದ ಕೀಟನಾಶಕದ ಪುಡಿಯೂ ಹಾಗೆಯೇ. ಹೇನಿಗೆ ಗೂಡಿನ ಪಕ್ಕದಲ್ಲಿ ಬೂದಿ ಬೆರೆಸಿದ ಒಣ ಮಣ್ಣಿನ ಗುಂಡಿ ಮಾಡಿಕೊಡಿ. ಕೋಳಿ ತಾನೇ ಹೊರಳಾಡಿ ಕೊಡವಿಕೊಳ್ಳುತ್ತದೆ.

ಕಾಲು ಮುರಿದರೆ ಮುರಿದೆಡೆಗೆ ಹತ್ತಿ ಸುತ್ತಿ, ಎರಡು ಬಿದಿರ ಸೀಳುಗಳನ್ನು ಇಟ್ಟು, ಬಟ್ಟೆಯ ಪಟ್ಟಿಯಿಂದ ಕಟ್ಟಬೇಕು. ಹಕ್ಕಿಯ ಎಲುಬು ಮೂರು ವಾರದಲ್ಲಿ ಕೂಡುತ್ತದೆ. ಬೆರಳು ತಣ್ಣಗಾದರೆ, ಊದಿಕೊಂಡರೆ ಕಟ್ಟು ಬಿಗಿಯಾಯಿತೆಂದು ತಿಳಿಯಬೇಕು. ರೆಕ್ಕೆ ಮುರಿದರೆ ಮಡಿಚಿ ಮೈಗೆ ಸೇರಿಸಿ ಕಟ್ಟುವುದು. ಎದೆಯ ಸುತ್ತ ಬಿಗಿಯಬಾರದು. ನಮಗಿರುವಂತೆ ಉಸಿರಾಟಕ್ಕೆ ವಪೆಯೆಂಬ ಪರದೆ ಕೋಳಿಗಿಲ್ಲ. ಎದೆಯೆಲುಬು ಏರಿಳಿದರೆ ಮಾತ್ರ ಅದಕ್ಕೆ ಉಸಿರು. ಮಕ್ಕಳು ಪ್ರೀತಿಯಿಂದ ಎರಡೂ ಕೈಯಲ್ಲಿ ಅವುಚಿ ಹಿಡಿದ ಮರಿ ಸಾಯುವುದು ಇದೇ ಕಾರಣದಿಂದ. ಪಟ್ಟಣದ ಕೋಳಿಗಳಿಗೆ ಇನ್ನೊಂದು ಪೀಡೆಯುಂಟು. ದರ್ಜಿಯ ಅಂಗಡಿಯ ನೂಲು, ಬಾಚಣಿಗೆಯಿಂದ ಕಿತ್ತೆಸೆದ ತಲೆಗೂದಲು ಬೆರಳುಗಳಿಗೆ ಸುತ್ತಿಕೊಂಡು ಕ್ರಮೇಣ ಬಿಗಿದು ಬೆರಳೇ ಉದುರಿಹೋಗುತ್ತದೆ. ಕುಂಟುವ ಕೋಳಿ ಸಿಕ್ಕರೆ ಮೊದಲು ಬೆರಳ ಸಂದುಗಳನ್ನು ನೋಡಿ. ಅಂಗಾಲಿನಲ್ಲಿ ಕಪ್ಪು ಹೆಪ್ಪಿನೊಡನೆ ಗಂಟು ಕಂಡರೆ ಅದು ಎತ್ತರದಿಂದ ಗಟ್ಟಿ ನೆಲಕ್ಕೆ ಹಾರಿದ ಫಲ. 1989ರಲ್ಲಿ ಹೆಬ್ಬಾಳದಿಂದ ಬಂದ ಗಿರಿರಾಜದಂಥ ಭಾರದ ತಳಿಗಳಿಗೆ ಇದು ಹೆಚ್ಚು. ಉಗುರುಬೆಚ್ಚನೆಯ ಉಪ್ಪುನೀರಿನಲ್ಲಿ ಕಾಲದ್ದಿ, ಅಯೋಡಿನ್ ಹಚ್ಚಿ, ಅಡ್ಡಗೋಲನ್ನು ತಗ್ಗಿಸಿದರೆ ಎಳೆಯದು ಕರಗುತ್ತದೆ. ಬ್ಲೇಡು ಹಿಡಿದು ಕೊಯ್ಯಹೋಗಬಾರದು.

ಮೊಟ್ಟೆಯಿಡುವ ಹೇಟೆ ಬಾಲ ಕುಣಿಸುತ್ತ, ಮುಕ್ಕುತ್ತ, ಗೂಡಿಗೂ ಅಂಗಳಕ್ಕೂ ಅಲೆಯುತ್ತ ಕೊನೆಗೆ ನೆಟ್ಟಗೆ ನಿಂತುಬಿಟ್ಟರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಬೆಚ್ಚನೆಯ ನೀರಿನ ಬೋಗುಣಿಯಲ್ಲಿ ಹಿಂಭಾಗ ಮುಳುಗುವಂತೆ ಹದಿನೈದಿಪ್ಪತ್ತು ನಿಮಿಷ ಕೂರಿಸಿ, ದ್ವಾರಕ್ಕೆ ಎಣ್ಣೆ ಸವರಿ, ಕತ್ತಲೆಯಲ್ಲಿ ಬಿಟ್ಟರೆ ಎಷ್ಟೋ ಸಲ ತಾನಾಗಿ ಇಡುತ್ತದೆ. ಹಿಸುಕಿ ಒಡೆದರೆ ಚಿಪ್ಪಿನ ಚೂರು ಒಳಗನ್ನು ಹರಿಯುತ್ತದೆ. ಅರ್ಧ ದಿನದಲ್ಲಿ ಬರದಿದ್ದರೆ ವೈದ್ಯರೇ ಗತಿ. ಇದಕ್ಕೆ ಒಂದು ಕಾರಣ ಸುಣ್ಣದಂಶದ ಕೊರತೆ. "ರಾಗಿ ಹಾಕ್ತೀವಲ್ಲ ಸ್ವಾಮಿ, ರಾಗೀಲಿ ಬೇಕಾದಷ್ಟು ಕ್ಯಾಲ್ಸಿಯಂ ಇದೆ" ಎನ್ನುತ್ತಾರೆ. ಧಾನ್ಯಗಳಲ್ಲಿ ರಾಗಿ ಶ್ರೇಷ್ಠವೆಂಬುದು ನಿಜ. ಆದರೂ ಲೆಕ್ಕ ಹಾಕಿ ನೋಡಿ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. 50 ಗ್ರಾಂ ರಾಗಿಯಲ್ಲಿ ಇರುವುದು 0.2 ಗ್ರಾಂಗಿಂತಲೂ ಕಡಿಮೆ. ಉಳಿದದ್ದನ್ನು ಕೋಳಿ ತನ್ನ ಎಲುಬಿನಿಂದಲೇ ಕಡ ತೆಗೆಯುತ್ತದೆ. ಅಡುಗೆಮನೆಯ ಮೊಟ್ಟೆಚಿಪ್ಪನ್ನು ಒಣಗಿಸಿ, ಹುರಿದು, ಗುರುತು ಸಿಗದಂತೆ ಪುಡಿಮಾಡಿ ಹಾಕಿದರೆ ಈ ಕಡ ತೀರುತ್ತದೆ.

ಕಾಳಿನ ಚೀಲ ಬೆಳಿಗ್ಗೆಯೂ ಕಲ್ಲಿನಂತೆ ಗಟ್ಟಿಯಾಗಿದ್ದರೆ ಒಣಹುಲ್ಲೋ ಗೋಣಿಯ ದಾರವೋ ಕಟ್ಟಿಕೊಂಡಿದೆ. ಬೆಚ್ಚನೆಯ ನೀರು ಹನಿಹನಿಯಾಗಿ ಕುಡಿಸಿ, ಬೆರಳಿನಿಂದ ಮೆಲ್ಲಗೆ ಮಸೆಯಬೇಕು, ದಿನಕ್ಕೆ ನಾಲ್ಕಾರು ಸಲ. ತಲೆಕೆಳಗು ಮಾಡಿ ಕಕ್ಕಿಸುವುದು ಬೇಡ.

ಜುಟ್ಟಿನ ಮೇಲೆ, ಕಣ್ಣಿನ ಸುತ್ತ ನರುಲಿಯಂಥ ಹೆಕ್ಕಳೆ ಎದ್ದರೆ ಅದು ಕೋಳಿ ಸಿಡುಬು. ಸೊಳ್ಳೆ ಅದರ ವಾಹನ. ಬಾಯೊಳಗೆ ಹಳದಿ ಪೊರೆ ಕಟ್ಟದಿದ್ದರೆ ಮೂರು ನಾಲ್ಕು ವಾರದಲ್ಲಿ ತಾನಾಗಿ ಉದುರುತ್ತದೆ. ಅಷ್ಟು ದಿನ ಕಣ್ಣು ಮುಚ್ಚಿಹೋಗಿ ಕಾಳು ಕಾಣದೆ ಉಪವಾಸದಿಂದ ಸಾಯದಂತೆ ನೋಡಿಕೊಳ್ಳುವುದೇ ಶುಶ್ರೂಷೆ.

ಇಷ್ಟೆಲ್ಲ ಒಂಟಿ ಕೋಳಿಯ ಮಾತು. ಇನ್ನೊಂದು ಬಗೆಯದನ್ನು ನೆನೆದರೆ ನನ್ನ ಮನಸ್ಸಿಗೆ ಈಗಲೂ ಕಸಿವಿಸಿಯಾಗುತ್ತದೆ. ಕೆಲವು ವರ್ಷಗಳ ಹಿಂದೆ, ಶಿವರಾತ್ರಿ ಕಳೆದು ಬಿಸಿಲೇರುತ್ತಿದ್ದ ದಿನಗಳಲ್ಲಿ, ನಮ್ಮ ಹಿಂದಿನ ಬೀದಿಯಲ್ಲಿ ಕೋಳಿಗಳು ಸಾಯತೊಡಗಿದವು. ನಮ್ಮ ಮನೆಯಲ್ಲಿ ನಾಲ್ಕಿದ್ದವು. ಒಂದು ಹಸುರು ಹಿಕ್ಕೆ ಹಾಕಿ, ಕತ್ತು ತಿರುಚಿಕೊಂಡು ಸತ್ತಿತು. ಇನ್ನೊಂದು ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿತ್ತು. ಚೆನ್ನಾಗಿ ಕಾಣುತ್ತಿದ್ದ ಎರಡನ್ನು, ಇವೂ ಹೋಗುವ ಮೊದಲು ನಾಲ್ಕು ಕಾಸಾಗಲೆಂದು, ನಾನು ಸಂತೆಗೆ ಕಳಿಸಿ ಮಾರಿಸಿದೆ. ಎರಡು ವಾರ ಕಳೆದಿರಬೇಕು, ಹಳ್ಳಿಯಿಂದ ಬರುವ ಒಬ್ಬ ವಿದ್ಯಾರ್ಥಿ ಎರಡು ದಿನ ತಪ್ಪಿಸಿಕೊಂಡು ಬಂದ. ಏನೆಂದು ಕೇಳಿದರೆ, ಮನೆಯ ಕೋಳಿಗಳೆಲ್ಲ ಸತ್ತವು ಸಾರ್, ಅವ್ವ ಸಂತೆಯಿಂದ ಒಂದು ಹ್ಯಾಟೆ ತಂದಿದ್ದಳು, ಅದೇ ಮೊದಲು ಹೋಯಿತು, ಎಂದ. ಅದು ನಾನು ಮಾರಿಸಿದ ಕೋಳಿಯೇ ಆಗಿರಬೇಕೆಂದೇನೂ ಇಲ್ಲ. ಅಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಆ ರೋಗ ಕೊಕ್ಕರೆ ರೋಗ. 1926ರಲ್ಲಿ ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಬಳಿಯೂ ಗುರುತಿಗೆ ಬಂದು, ಮುಂದಿನ ಒಂದೆರಡು ವರ್ಷಗಳಲ್ಲಿ ಕುಮಾವೂನ್ ಬೆಟ್ಟಗಳ ರಾಣಿಖೇತದಲ್ಲಿ ಕಾಣಿಸಿಕೊಂಡದ್ದರಿಂದ ಪ್ರಪಂಚಕ್ಕೆ ಅದು ನ್ಯೂಕಾಸಲ್ ರೋಗ, ನಮ್ಮ ದೇಶಕ್ಕೆ ರಾಣಿಖೇತ್ ರೋಗ. ಇದು ವೈರಸ್ಸಿನ ಜಾಡ್ಯ. ಒಳಹೊಕ್ಕ ಮೇಲೆ ಐದಾರು ದಿನ, ಕೆಲವೊಮ್ಮೆ ಎರಡು ವಾರದವರೆಗೂ ಹೊರಗೆ ಕಾಣದು. ನಾನು ಮಾರಿಸಿದವು ಚೆನ್ನಾಗಿ ಕಂಡದ್ದು ಹೀಗೆ. ಬಂದ ಮೇಲೆ ಯಾವ ಔಷಧವೂ ಇಲ್ಲ. ಲಸಿಕೆಯಿಲ್ಲದ ಹಿಂಡಿನಲ್ಲಿ ಬಹುಪಾಲು, ಒಮ್ಮೊಮ್ಮೆ ಎಲ್ಲವೂ, ಸಾಯುತ್ತವೆ. ಆಗ ಮಾಡತಕ್ಕದ್ದು ಕಟುವಾದದ್ದೇ: ಮಾರಬಾರದು, ನೆಂಟರಿಗೆ ಕೊಡಬಾರದು, ಹೊಸದು ತರಬಾರದು. ಸತ್ತದ್ದನ್ನು ಹೇಮಾವತಿ ನಾಲೆಗೋ ಊರಾಚೆಯ ಚರಂಡಿಗೋ ಎಸೆಯದೆ, ಬಾವಿಯಿಂದ ದೂರ ಆಳವಾಗಿ ತೋಡಿ, ಸುಣ್ಣ ಹರಡಿ ಹೂಳಬೇಕು. ನಾಲೆಗೆ ಎಸೆದದ್ದು ನಮ್ಮೂರಿನಲ್ಲಿ ಮುಳುಗಿ ಚನ್ನರಾಯಪಟ್ಟಣದ ಕಡೆ ತೇಲೀತು. ದಡದ ಕಾಗೆ ನಾಯಿಗಳು ಉಳಿದ ಕೆಲಸ ಪೂರೈಸುತ್ತವೆ. ಮುಟ್ಟಿದ ಕೈಯಿಂದ ಕಣ್ಣುಜ್ಜಿಕೊಂಡರೆ ನಮಗೂ ಕಣ್ಣು ಕೆಂಪಾಗುವುದುಂಟು.

ತಡೆ ಮಾತ್ರ ಸುಲಭ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ. ಆರು ವಾರ ತುಂಬಿದ ಮೇಲೆ, ಎಂಟನೆಯ ವಾರದ ಹೊತ್ತಿಗೆ ಒಂದು ಚುಚ್ಚುಮದ್ದು. ಈ ಎರಡನೆಯದು 1940ರ ಸುಮಾರಿಗೆ ಅದೇ ಕುಮಾವೂನಿನ ಮುಕ್ತೇಶ್ವರದಲ್ಲಿ ರೂಪುಗೊಂಡದ್ದು. ನಮ್ಮ ರಾಜ್ಯದಲ್ಲಿ 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಎಂದು ಆರಂಭವಾದ ಹೆಬ್ಬಾಳದ ಸಂಸ್ಥೆ ಕೋಳಿಯ ಲಸಿಕೆಗಳನ್ನು ತಯಾರಿಸುತ್ತ ಬಂದಿದೆ. ಹಾಗಾದರೆ ಹಿತ್ತಿಲ ಕೋಳಿಗಳೇಕೆ ಸಾಯುತ್ತವೆ? ತೊಡಕಿರುವುದು ಸೀಸೆಯಲ್ಲಿ. ಒಂದು ಸೀಸೆಯಲ್ಲಿ ನೂರು ಕೋಳಿಗೋ ಇನ್ನೂ ಹೆಚ್ಚಿಗೋ ಆಗುವಷ್ಟು ಲಸಿಕೆ, ತಣ್ಣಗಿರಿಸಬೇಕು, ಕದಡಿದ ಮೇಲೆ ಎರಡು ಗಂಟೆಯೊಳಗೆ ಮುಗಿಯಬೇಕು. ಆರು ಕೋಳಿಯ ಅಜ್ಜಿಗೆ ಯಾರು ಸೀಸೆ ಒಡೆದಾರು? ಆ ವರ್ಷದ ನಂತರ ನಮ್ಮ ಎರಡು ಬೀದಿಯವರು ಒಂದು ಏರ್ಪಾಟು ಮಾಡಿಕೊಂಡೆವು. ಮೊದಲೇ ಪಶು ಆಸ್ಪತ್ರೆಯಲ್ಲಿ ಹೇಳಿಟ್ಟು, ಗೊತ್ತಾದ ದಿನ ಬೆಳಗಿನ ಜಾವ ಗೂಡು ತೆರೆಯದೆ, ಎಲ್ಲರೂ ಮಂಕರಿಯೊಡನೆ ಒಂದೇ ಜಗಲಿಗೆ ಬರುವುದು. ಮಂಜುಗಡ್ಡೆ ತುಂಬಿದ ಫ್ಲಾಸ್ಕಿನಲ್ಲಿ ಸೀಸೆ ಬರುತ್ತದೆ. ಎಂಬತ್ತು ತೊಂಬತ್ತು ಕೋಳಿಗಳ ಕಲಕಲದಲ್ಲಿ ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಕಾಯಿಲೆಯ ಕೋಳಿಯನ್ನು ಮಾತ್ರ ಅಂದು ತರಕೂಡದು, ಲಸಿಕೆ ಆರೋಗ್ಯವಂತರಿಗೆ. ಸಂತೆಯಿಂದ ತಂದ ಹೊಸ ಕೋಳಿಯನ್ನು ಮೂರು ವಾರ ಬೇರೆ ಕಟ್ಟುವ ನಿಯಮವೂ ನಮ್ಮಲ್ಲಿದೆ. ಎಲ್ಲರೂ ಪಾಲಿಸುತ್ತಾರೆಂದು ಹೇಳಲಾರೆ.

ಮನುಷ್ಯರ ಮಾತ್ರೆಯನ್ನು ಅರ್ಧ ಮುರಿದು ಕೋಳಿಗೆ ಹಾಕುವ ಚಟವೊಂದು ಈಚೆಗೆ ಬೆಳೆದಿದೆ. ವೈರಸ್ಸಿಗೆ ಅದು ನಾಟದು. ಮೊಟ್ಟೆಯ ಮೂಲಕ ಔಷಧದ ಶೇಷ ನಮ್ಮ ಮಕ್ಕಳ ಹೊಟ್ಟೆಗೆ ಬರುತ್ತದೆ. ವೈದ್ಯರು ಕೊಟ್ಟ ಔಷಧವಾದರೂ ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಕೇಳಿ ತಿಳಿಯಬೇಕು. ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೇ ಇದೆ, ತಾಲ್ಲೂಕುಗಳಲ್ಲಿ ಪಶು ಆಸ್ಪತ್ರೆಗಳಿವೆ. ಕೋಳಿಗಾಗಿ ಆಸ್ಪತ್ರೆಗೆ ಹೋಗಲು ನಾಚಬೇಕಾಗಿಲ್ಲ. ಹಿಂಡು ಹಿಂಡಾಗಿ ಹಠಾತ್ತನೆ ಸತ್ತರಂತೂ ಅಂದೇ ತಿಳಿಸಬೇಕು. 2006ರಲ್ಲಿ ದೇಶಕ್ಕೆ ಕಾಲಿಟ್ಟ ಹಕ್ಕಿಜ್ವರ 2012ರಲ್ಲಿ ಹೆಸರಘಟ್ಟದ ಸರ್ಕಾರಿ ಕೋಳಿ ಕ್ಷೇತ್ರಕ್ಕೂ ಬಂದಿತ್ತು. ಅದು ಮನುಷ್ಯರನ್ನೂ ಬಿಡುವುದಿಲ್ಲ.

ಉಳಿಯಲಾರದೆಂದು ವೈದ್ಯರು ಹೇಳಿದ ಕೋಳಿಯ ಮಾತೇನು? ಶ್ರವಣಬೆಳಗೊಳದ ನೆರೆಯವರಾದ ನಾವು, 1209ರಲ್ಲಿ ಜನ್ನನು ಬರೆದ ಯಶೋಧರ ಚರಿತೆಯನ್ನು ಮಕ್ಕಳಿಗೆ ಪಾಠ ಹೇಳುವವರು; ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕೇ ತಾಯಿ ಮಗ ಜನ್ಮಜನ್ಮಾಂತರ ಅಲೆದ ಕಥೆ ಅದು. ತಿನ್ನುವವರ, ತಿನ್ನದವರ ವಾದಕ್ಕೆ ನಾನು ಹೋಗುವುದಿಲ್ಲ. ಆದರೆ ಕರುಳು ಹೊರಬಿದ್ದ ಹಕ್ಕಿಯನ್ನು ತಾನಾಗಿ ಸಾಯಲೆಂದು ಮಂಕರಿಯಡಿ ಮುಚ್ಚಿಡುವುದನ್ನು ಯಾವ ಧರ್ಮವೂ ಕರುಣೆಯೆಂದು ಕರೆಯಲಾರದು. ಅದರ ನೋವನ್ನು ಬೇಗ ಮುಗಿಸುವಂತೆ ವೈದ್ಯರನ್ನೇ ಕೇಳಬೇಕು.

ಚೇತರಿಸಿಕೊಂಡ ಕೋಳಿಯನ್ನು ಹಿಂಡಿಗೆ ಸೇರಿಸುವುದರಲ್ಲೂ ಒಂದು ಉಪಾಯವುಂಟು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಮೇಲುಕೀಳಿನ ಕಟ್ಟಳೆ ಇದೆ; ನಾರ್ವೆ ದೇಶದ ಶೆಲ್ಡೆರುಪ್ ಎಬ್ಬೆ ಎಂಬವರು ಚಿಕ್ಕಂದಿನಿಂದ ಕೋಳಿಗಳನ್ನು ನೋಡಿ ನೋಡಿ 1921ರಲ್ಲಿ ಇದನ್ನು ಶಾಸ್ತ್ರವಾಗಿ ಬರೆದರು. ಹತ್ತು ದಿನ ಮರೆಯಾದ ಹೇಟೆ ತನ್ನ ಸ್ಥಾನ ಕಳೆದುಕೊಂಡಿರುತ್ತದೆ. ಹಗಲಲ್ಲಿ ಬಿಟ್ಟರೆ ಎಲ್ಲವೂ ಮುತ್ತುತ್ತವೆ. ಆದ್ದರಿಂದ ಎರಡು ಮೂರು ದಿನ ಮಂಕರಿಯನ್ನು ಅಂಗಳದಲ್ಲೇ ಬೋರಲಿಟ್ಟು, ಒಂದನ್ನೊಂದು ನೋಡುವಂತೆ ಮಾಡಿ, ಆಮೇಲೆ ಒಂದು ರಾತ್ರಿ ದೀಪವಿಲ್ಲದೆ ಗೂಡಿನ ಅಡ್ಡಗೋಲಿನ ಮೇಲೆ ಉಳಿದವುಗಳ ನಡುವೆ ಮೆಲ್ಲಗೆ ಕೂರಿಸಿಬಿಡಬೇಕು. ಕತ್ತಲೆಯಲ್ಲಿ ಕೋಳಿಗೆ ಕಣ್ಣು ಕಾಣದು. ಬೆಳಿಗ್ಗೆ ಗೂಡು ತೆರೆದಾಗ ಎಲ್ಲವೂ ಒಟ್ಟಿಗೆ ಇಳಿಯುತ್ತವೆ. ಒಂದೆರಡು ಸಲ ಕೊಕ್ಕು ತಗುಲೀತು. ಅಂದ ಕಾಳನ್ನು ಒಂದೇ ಕಡೆ ಸುರಿಯದೆ ಅಂಗಳದ ನಾಲ್ಕೂ ಮೂಲೆಗೆ ಎರಚಿ.